ಮಾವಿನ ಸೀಮೆ, ಗುಲಾಬಿ ಸೀಮೆ

ಪರೀಕ್ಷೆ ಮುಗಿದು ಮಕ್ಕಳ ಪುಸ್ತಕದ ಚೀಲ ಅಟ್ಟ ಸೇರಿದ ವಾರವೇ ಕೃಷ್ಣಗಿರಿ, ಹೊಸೂರಿನ ಮನೆಗಳಲ್ಲಿ ಊಟಿಯ ಮಾತು ಏಳುತ್ತದೆ. ಊಟಿ ಬೇಡವೆಂದರೆ ಕೊಡೈಕನಾಲ್. ಆದರೆ ಈಗ ಆ ಎರಡು ಬೆಟ್ಟಗಳಿಗೆ ಮನಸ್ಸಾದ ಗಳಿಗೆಯಲ್ಲಿ ಗಾಡಿ ತಿರುಗಿಸಿಕೊಂಡು ಹೋಗುವ ಹಾಗಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಅಲ್ಲಿಗೆ ಇ-ಪಾಸ್ ಬೇಕು. 2025ರ ಬೇಸಿಗೆಗಂತೂ ಕೋರ್ಟು ಗಾಡಿಗಳ ಲೆಕ್ಕವನ್ನೇ ಕಟ್ಟಿಕೊಟ್ಟಿತು: ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000 ವಾಹನ, ಶನಿವಾರ ಭಾನುವಾರ 8,000, ಕೊಡೈಕನಾಲಿಗೆ 4,000 ಮತ್ತು 6,000.

ಗಾಡಿಗೆ ನಾಲ್ಕು ಜನ ಅಂತ ಹಿಡಿದರೂ ಒಂದು ಶನಿವಾರ ನೀಲಗಿರಿಗೆ 32,000 ಜನ ಹತ್ತುತ್ತಾರೆ. ಕಡಿವಾಣ ಹಾಕಿದ ಮೇಲಿನ ಲೆಕ್ಕ ಇದು. ಬಸ್ಸಿನಲ್ಲಿ ಬರುವವರು ಬೇರೆ. ಬೊಟಾನಿಕಲ್ ಗಾರ್ಡನ್ನಿನ ಟಿಕೆಟ್ ಕ್ಯೂನಲ್ಲಿ ನಿಂತ ಕುಟುಂಬಕ್ಕೆ ತಂಪು ಸಿಗುವುದು ನಿಜ, ಮುಂದಿನವರ ಬೆನ್ನಿನ ನೆರಳೂ ಸಿಗುತ್ತದೆ.

ಹಾಗಾದರೆ ಕೃಷ್ಣಗಿರಿ ಜಿಲ್ಲೆಯವರು ಬೇಸಿಗೆಗೆ ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಹುಡುಕುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಹೊರಡುವವರು ಈಗ ನಿಂತಿರುವುದು ಎಷ್ಟು ಎತ್ತರದಲ್ಲಿ?

ಈ ಪ್ರಶ್ನೆ ಹೊಸದಲ್ಲ. ಟಿಪ್ಪು ಸುಲ್ತಾನನಿಂದ ಈ ಸೀಮೆ ಕಂಪನಿಯ ಕೈಗೆ ಬಂದ ಕಾಲದಲ್ಲಿ ಹಳೆಯ ಸೇಲಂ ಜಿಲ್ಲೆಯನ್ನು ಗುರುತಿಸುತ್ತಿದ್ದದ್ದೇ ಎತ್ತರದ ಲೆಕ್ಕದಲ್ಲಿ. ಘಟ್ಟದ ಮೇಲಿನ ಹೊಸೂರು ಸೀಮೆ ಬಾಲಾಘಾಟ್. ನಡುವಿನ ಕೃಷ್ಣಗಿರಿ, ಧರ್ಮಪುರಿ ಭಾಗ ಬಾರಾಮಹಲ್. ಕೆಳಗಿನ ಸೇಲಂ ಬಯಲು ತಳಘಾಟ್. ಮೂರು ಮೆಟ್ಟಿಲು. ಮೇಲಿನ ಮೆಟ್ಟಿಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ನಡುವಿನದು 500ರ ಆಸುಪಾಸು, ಕೆಳಗಿನದು 300ಕ್ಕೂ ಕಡಿಮೆ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬರುವ ಬಸ್ಸು ಹೊಸೂರು ಬಿಟ್ಟು ಶೂಲಗಿರಿ ದಾಟಿ ಇಳಿಜಾರಿಗೆ ಬಿದ್ದರೆ, ಕಿಟಕಿಯ ಪಕ್ಕ ಕೂತವರಿಗೆ ಮೆಟ್ಟಿಲು ಇಳಿದದ್ದು ಮುಖಕ್ಕೇ ತಿಳಿಯುತ್ತದೆ. ಹೊಸೂರಿನಲ್ಲಿ ಹಿತವಾಗಿ ಬೀಸುತ್ತಿದ್ದ ಗಾಳಿ ಕೃಷ್ಣಗಿರಿಯ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಒಲೆಯ ಬಾಯಿಂದ ಬಂದಂತಿರುತ್ತದೆ. ಎರಡೂ ಒಂದೇ ಜಿಲ್ಲೆ. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರೆಯಾದ ಜಿಲ್ಲೆ. ಹವೆ ಮಾತ್ರ ಎರಡು.

ಗಾಳಿ ಮೇಲೇರಿದಂತೆ ಒತ್ತಡ ತಗ್ಗಿ ಹಿಗ್ಗುತ್ತದೆ, ಹಿಗ್ಗಲು ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಸರಾಸರಿ ಲೆಕ್ಕದಲ್ಲಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ, ಅಂದರೆ ಸುಮಾರು 150 ಮೀಟರ್ ಹತ್ತಿದರೆ ಒಂದು ಡಿಗ್ರಿ ಇಳಿಯುತ್ತದೆ. ಮೋಡ, ಮರ, ಗಾಳಿಯ ದಿಕ್ಕು ಇದನ್ನು ಹೆಚ್ಚುಕಡಿಮೆ ಮಾಡಬಹುದು. ಆದರೂ ಕೈಬೆರಳಿನಲ್ಲಿ ಎಣಿಸಲು ಇಷ್ಟು ಸಾಕು. ಈ ಲೆಕ್ಕ ಹಿಡಿದು ನೋಡಿದರೆ ಕೆಲವು ಹೆಸರುವಾಸಿ ಜಾಗಗಳ ಬಣ್ಣ ಬದಲಾಗುತ್ತದೆ.

ಏಲಗಿರಿಯನ್ನೇ ತೆಗೆದುಕೊಳ್ಳಿ. ತಿರುಪತ್ತೂರು ಜಿಲ್ಲೆಯ ಆ ಬೆಟ್ಟದ ಎತ್ತರ 1,100 ಮೀಟರಿನ ಆಸುಪಾಸು. ಕೃಷ್ಣಗಿರಿಯವರು ಹತ್ತಿದರೆ ನಾಲ್ಕು ಡಿಗ್ರಿ ಲಾಭ. ಹೊಸೂರಿನವರು ಹೋದರೆ? ಘಟ್ಟ ಇಳಿದು, ಬರಗೂರಿನ ಬಿಸಿಲಿನಲ್ಲಿ ಹಾದು, ಹದಿನಾಲ್ಕು ತಿರುವು ಹತ್ತಿ, ಕೊನೆಗೆ ತಮ್ಮ ಮನೆಗಿಂತ ಇನ್ನೂರು ಮೀಟರ್ ಮೇಲೆ ನಿಲ್ಲುತ್ತಾರೆ. ಡಿಗ್ರಿಯ ಲೆಕ್ಕದಲ್ಲಿ ಒಂದು, ಒಂದೂಕಾಲು. ಆ ತಿರುವುಗಳಿಗೆ ಹಳೆಯ ತಮಿಳು ಕವಿಗಳ, ವಳ್ಳಲ್‌ಗಳೆಂಬ ಕೊಡುಗೈ ದೊರೆಗಳ ಹೆಸರಿಟ್ಟಿದ್ದಾರೆ. ಪಾರಿ, ಓರಿ, ಧರ್ಮಪುರಿಯನ್ನು ಆಳಿದ ಅದಿಯಮಾನ್ ಎಲ್ಲರೂ ಒಬ್ಬೊಬ್ಬರಾಗಿ ಸಿಗುತ್ತಾರೆ. ಪುಂಗನೂರು ಕೆರೆಯಲ್ಲಿ ದೋಣಿ ಇದೆ. ಹೋಗಬಾರದೆಂದಲ್ಲ, ತಂಪು ಹುಡುಕಿ ಹೊಸೂರಿನಿಂದ ಹೋಗುವ ಜಾಗ ಅದಲ್ಲ ಅಷ್ಟೇ. ಭಾನುವಾರವಾದರೆ ಬೆಂಗಳೂರಿನ ಕಾರುಗಳೂ ಅಲ್ಲೇ ಇರುತ್ತವೆ.

ಥರ್ಮಾಮೀಟರ್ ಬೇಡ ಎನ್ನುವವರಿಗೆ ಜಿಲ್ಲೆಯಲ್ಲೇ ಇನ್ನೊಂದು ಅಳತೆ ಉಂಟು. ಮಾವು ಎಲ್ಲಿ, ಗುಲಾಬಿ ಎಲ್ಲಿ ಎಂದು ನೋಡಿದರಾಯಿತು. ಕೃಷ್ಣಗಿರಿ, ಬರಗೂರು, ಕಾವೇರಿಪಟ್ಟಣ, ಪೋಚಂಪಳ್ಳಿ ಕಡೆ ರಸ್ತೆಯ ಎರಡೂ ಬದಿಗೆ ಮಾವಿನ ತೋಪು. ತೋತಾಪುರಿ, ನೀಲಂ, ಸೇಂದೂರ, ಮಲಗೋವ, ಜೊತೆಗೆ ತಿರುಳು ತೆಗೆದು ಡಬ್ಬಿ ತುಂಬುವ ಕಾರ್ಖಾನೆಗಳು. ಕಾಯಿ ಬಲಿತು ಸಿಹಿಯಾಗಲು ಏಪ್ರಿಲ್, ಮೇ ತಿಂಗಳ ಆ ಕೆಂಡದಂಥ ಬಿಸಿಲು ಬೇಕೇ ಬೇಕು. ಪ್ರತಿ ವರ್ಷ ಕೃಷ್ಣಗಿರಿಯಲ್ಲಿ ಮಾವಿನ ಪ್ರದರ್ಶನ ನಡೆಯುವುದೂ ಅದಕ್ಕೇ. ಅದೇ ಜಿಲ್ಲೆಯ ಮೇಲಿನ ಮೆಟ್ಟಿಲಿಗೆ, ಬಾಗಲೂರು, ಬೇರಿಗೆ, ತಳಿ, ಕೆಲಮಂಗಲದ ಕಡೆಗೆ ಹತ್ತಿದರೆ ತೋಪಿನ ಬದಲು ಬಿಳಿ ಪ್ಲಾಸ್ಟಿಕ್ಕಿನ ಪಾಲಿಹೌಸುಗಳು ಕಾಣುತ್ತವೆ. ಒಳಗೆ ಗುಲಾಬಿ. ರಾತ್ರಿ ತಂಪಿದ್ದರೆ ಮೊಗ್ಗು ನಿಧಾನವಾಗಿ ಬಲಿಯುತ್ತದೆ, ದಂಟು ಉದ್ದವಾಗುತ್ತದೆ. ಉದ್ದ ದಂಟಿಗೇ ಬೆಲೆ.

ಬೆಳಗಿನ ಜಾವ ಅಂಥದೊಂದು ತೋಟಕ್ಕೆ ಹೋದವರು ನೋಡುವುದು ಇದನ್ನು: ಬಿಸಿಲೇರುವ ಮೊದಲೇ ಹೆಂಗಸರು ಸಾಲಿನ ನಡುವೆ ಕತ್ತರಿ ಹಿಡಿದು ನಡೆಯುತ್ತಾರೆ. ಅರಳದ, ಬಾಯಿ ಬಿಗಿದ ಮೊಗ್ಗನ್ನೇ ಕತ್ತರಿಸಿ ನೀರಿನ ಬಕೆಟ್ಟಿಗೆ ಇಳಿಸುತ್ತಾರೆ. ಶೆಡ್ಡಿನಲ್ಲಿ ಮೇಜಿನ ಮೇಲೆ ದಂಟಿನ ಉದ್ದ ಅಳೆದು, ಕೆಳಗಿನ ಎಲೆ ಸವರಿ, ಇಪ್ಪತ್ತು ಇಪ್ಪತ್ತಾಗಿ ಜೋಡಿಸಿ, ಗೆರೆಗೆರೆಯ ರಟ್ಟಿನ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ತಾಜ್ ಮಹಲ್ ಎಂಬ ಕೆಂಪು ತಳಿಗೆ ಈ ಸೀಮೆ ಹೆಸರುವಾಸಿ. ಫೆಬ್ರವರಿ 14ಕ್ಕೆ ಮುಂಚಿನ ಎರಡು ವಾರ ಈ ಶೆಡ್ಡುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೂವು ವಿಮಾನ ಹತ್ತಿ ಹೊರದೇಶಕ್ಕೂ ಹೋಗುತ್ತದೆ. ಬೇಸಿಗೆಗೆ ಎಲ್ಲಿ ತಂಪಿದೆ ಎಂಬ ಪ್ರಶ್ನೆಗೆ ಲಕ್ಷಗಟ್ಟಲೆ ಸಾಲ ಮಾಡಿ ಪಾಲಿಹೌಸ್ ಎಬ್ಬಿಸಿದ ರೈತ ಕೊಟ್ಟ ಉತ್ತರಕ್ಕಿಂತ ನಂಬಿಕೆಯ ಉತ್ತರ ಯಾವ ಪ್ರವಾಸಿ ಪುಸ್ತಿಕೆಯಲ್ಲೂ ಸಿಗದು.

ಬಿಳಿಯರಿಗೂ ಇದು ಗೊತ್ತಿತ್ತು. ತಳಿ ಸೀಮೆಯನ್ನು ಅವರು ಲಿಟಲ್ ಇಂಗ್ಲೆಂಡ್ ಎಂದು ಕರೆದರು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ ಸೇನೆಯ ಕುದುರೆಗಳಿಗಾಗಿ ಲಾಯ ಕಟ್ಟಿದರು; ಅದೇ ಮುಂದೆ ಜಾನುವಾರು ಕ್ಷೇತ್ರವಾಯಿತು, ಇಂದಿಗೂ ಅದರ ಹುಲ್ಲುಗಾವಲು ನೂರಾರು ಎಕರೆ ಹರಡಿದೆ. ಸೇಲಂ ಕಲೆಕ್ಟರಾಗಿದ್ದ ಬ್ರೆಟ್ ಎಂಬಾತ ಹೊಸೂರಿನಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಬಂಗಲೆ ಎಬ್ಬಿಸಿದ. ಸೇಲಂ ಬಯಲಿನಲ್ಲಿ ಕಚೇರಿ ಇಟ್ಟುಕೊಂಡವರಿಗೆ ಹೊಸೂರೇ ಬೇಸಿಗೆಯ ಬೆಟ್ಟ. ಊಟಿಯ ಹೆಸರು ದೊಡ್ಡದಾಗುವ ಮೊದಲು ಮೈಸೂರು ಪ್ರಸ್ಥಭೂಮಿಯ ಅಂಚೇ ಅವರಿಗೆ ಸಾಕಷ್ಟು ತಂಪು.

ಆ ಹೊಸೂರು ಈಗ ಹಾಗೆಯೇ ಇದೆ ಎಂದರೆ ಸುಳ್ಳಾದೀತು. ಸಿಪ್‌ಕಾಟ್ ಕೈಗಾರಿಕಾ ವಸಾಹತು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದ ಮೇಲೆ ಊರು ಬೆಳೆಯಿತು, ಕೆರೆಯಂಗಳ ಬಡಾವಣೆಯಾಯಿತು. ಹಗಲು ಕಾದ ಕಾಂಕ್ರೀಟು ರಾತ್ರಿಯೆಲ್ಲ ಶಾಖ ಬಿಡುತ್ತದೆ. ನಲವತ್ತು ಕಿಲೋಮೀಟರ್ ದೂರದ, ಹೆಚ್ಚುಕಡಿಮೆ ಇದೇ ಎತ್ತರದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಹಾಗೆಂದು ಎತ್ತರದ ಲಾಭ ಎಲ್ಲಿಗೂ ಹೋಗಿಲ್ಲ. ಅದನ್ನು ಅನುಭವಿಸಲು ಪೇಟೆ ಬಿಟ್ಟು ಇಪ್ಪತ್ತೈದು ಕಿಲೋಮೀಟರ್ ಆಚೆ ಹೋಗಬೇಕು, ಅಷ್ಟೇ.

ಇಲ್ಲಿ ಬಹಳ ಜನ ಎಡವುವುದು ಹೊತ್ತಿನ ವಿಷಯದಲ್ಲಿ. ಈ ಪ್ರಸ್ಥಭೂಮಿಯ ಗಾಳಿ ಒಣ ಗಾಳಿ. ಒಣ ಗಾಳಿ ಹಗಲು ಬೇಗ ಕಾಯುತ್ತದೆ, ಕತ್ತಲಾದರೆ ಬೇಗ ಆರುತ್ತದೆ. ಬೆಂಗಳೂರಿನ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ 34 ಡಿಗ್ರಿಯ ಆಸುಪಾಸು, ಕನಿಷ್ಠ 22ರ ಆಸುಪಾಸು. ಹನ್ನೆರಡು ಡಿಗ್ರಿಯ ಅಂತರ! ಅಂದರೆ ಒಂದೇ ಜಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಬೆಳಗಿನ ಐದು ಗಂಟೆಗೂ ಇರುವ ವ್ಯತ್ಯಾಸ ಹೊಸೂರಿಗೂ ಊಟಿಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು. ಒಂದು ದಿನದ ಪ್ರವಾಸದವರು ಮಾಡುವುದೇನು? ತಿಂಡಿ ಮುಗಿಸಿ ಹೊರಟು ಹನ್ನೊಂದಕ್ಕೆ ಬೆಟ್ಟ ತಲುಪುತ್ತಾರೆ, ಐದಕ್ಕೆ ಇಳಿಯುತ್ತಾರೆ. ಬೆಟ್ಟದ ದಿನದಲ್ಲಿ ಬಿಸಿಯಾದ ತುಂಡನ್ನಷ್ಟೇ ಆರಿಸಿಕೊಂಡು, ಸಂಜೆಯ ಗಾಳಿಯನ್ನೂ ಮುಂಜಾವದ ಚಳಿಯನ್ನೂ ಊರಿನವರಿಗೆ ಬಿಟ್ಟು ಬರುತ್ತಾರೆ. ಆಮೇಲೆ ಅಲ್ಲೇನೂ ತಂಪಿಲ್ಲ ಎಂದು ದೂರು.

ನೀರಿದ್ದಲ್ಲೆಲ್ಲ ತಂಪು ಎಂಬುದು ಇನ್ನೊಂದು ಭ್ರಮೆ. ಹೊಗೆನಕಲ್ಲಿನ ಉದಾಹರಣೆ ಸಾಕು. ಪೆನ್ನಾಗರದಿಂದ ರಸ್ತೆ ಇಳಿಯುತ್ತಲೇ ಹೋಗುತ್ತದೆ, ಇಳಿದಷ್ಟೂ ಕಿವಿ ಬಿಸಿಯಾಗುತ್ತದೆ. ಕಾವೇರಿ ಹರಿಯುವ ಆ ಕಣಿವೆ ಸಮುದ್ರಮಟ್ಟದಿಂದ 250 ಮೀಟರಿನ ಆಸುಪಾಸು, ಸೇಲಂಗಿಂತಲೂ ತಗ್ಗು. ಮೇ ತಿಂಗಳ ಮಧ್ಯಾಹ್ನ ಹರಿಗೋಲು ಇಳಿದು ಬರಿಗಾಲಲ್ಲಿ ಬಂಡೆಯ ಮೇಲೆ ಕಾಲಿಟ್ಟವರು ಕುಣಿಯುತ್ತ ನೆರಳಿಗೆ ಓಡುತ್ತಾರೆ. ಸಾಲು ಒಲೆಗಳ ಮೇಲೆ ಮೀನು ಹುರಿಯುವ ಎಣ್ಣೆಯ ಹೊಗೆ ಒಂದು ಕಡೆ, ಎಣ್ಣೆ ತಿಕ್ಕುವವರ ಕರೆ ಇನ್ನೊಂದು ಕಡೆ, ಎರಡರ ನಡುವೆ ಜನವೋ ಜನ. ಎಣ್ಣೆ ಹಚ್ಚಿಸಿಕೊಂಡು ನೀರಿಗಿಳಿದ ಅರ್ಧ ಗಂಟೆ ಸುಖ, ಸುಳ್ಳಲ್ಲ. ಆದರೆ ಬೇಸಿಗೆ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಮುಂಗಾರು ಮುಗಿದ ಮೇಲೆ, ಪ್ರವಾಹ ಇಳಿದ ಮೇಲೆ ಹೊಗೆನಕಲ್ಲಿಗೆ ಸಾಟಿಯಿಲ್ಲ. ಕೃಷ್ಣಗಿರಿ ಅಣೆಕಟ್ಟಿನ ಉದ್ಯಾನಕ್ಕೂ ಇದೇ ಮಾತು: ಸಂಜೆ ಐದರ ಮೇಲೆ ಸರಿ, ಅದಕ್ಕೆ ಮುಂಚೆ ಬೇಡ. ಜಲಪಾತಗಳೂ ಹಾಗೆಯೇ. ಏರ್ಕಾಡಿನ ಕಿಳಿಯೂರು ಜಲಪಾತ ಬೇಸಿಗೆಯಲ್ಲಿ ಬತ್ತಿದ ಬಂಡೆಯಾಗಿರುತ್ತದೆ. ಚಿತ್ರ ನೋಡಿ ಮೆಟ್ಟಿಲಿಳಿದು ಹೋದವರು ಬೆವರು ಒರೆಸಿಕೊಂಡು ಹತ್ತಿ ಬರುತ್ತಾರೆ.

ರಾಯಕೋಟೆಯ ದುರ್ಗವೂ ಬೆಳಗಿನ ಜಾಗ. 1791ರಲ್ಲಿ ಮೂರನೆಯ ಮೈಸೂರು ಯುದ್ಧದಲ್ಲಿ ಮೇಜರ್ ಗೌಡಿಯ ಪಡೆ ಟಿಪ್ಪುವಿನವರಿಂದ ಹಿಡಿದುಕೊಂಡ ಕೋಟೆ ಅದು. ಆರಕ್ಕೆ ಹತ್ತಲು ಶುರುಮಾಡಿ ಎಂಟೂವರೆಗೆ ಇಳಿದರೆ ಗಾಳಿಯೂ ಸಿಕ್ಕೀತು, ಘಟ್ಟದ ಕೆಳಗಿನ ಬಾರಾಮಹಲ್ ಸೀಮೆ ಒಂದೇ ನೋಟಕ್ಕೆ ಕಂಡೀತು. ಹತ್ತು ಗಂಟೆಯ ಮೇಲೆ ಬೋಳು ಬಂಡೆ ಹತ್ತುವವರಿಗೆ ಯಾರೂ ಏನೂ ಹೇಳಲಾರರು.

ಇನ್ನು ಜಿಲ್ಲೆಯೊಳಗಿನ ನಿಜವಾದ ತಂಪಿನ ಮಾತು. ದೇಂಕಣಿಕೋಟೆಯ ತನಕ ಹೊಸೂರಿನಿಂದ ಬೇಕಾದಷ್ಟು ಬಸ್ಸು. ಬೇಟರಾಯಸ್ವಾಮಿಯ ಗುಡಿ ನೋಡಿ ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮೇಲಗಿರಿ ಬೆಟ್ಟಸಾಲು ಶುರು. ಅಯ್ಯೂರಿನಲ್ಲಿ ಅರಣ್ಯ ಇಲಾಖೆಯ ಪರಿಸರ ಉದ್ಯಾನವಿದೆ. ಬಿದಿರು ಮೆಳೆ, ಮರದ ನೆರಳು, ಅದರಾಚೆ ಕಾಡು. ಇನ್ನೂ ಮೇಲೆ ಹೋದರೆ ಬೆಟ್ಟಮುಗಿಲಾಳ, ಮೂರು ಸಾವಿರ ಅಡಿಗೂ ಮೇಲಿನ ಹಳ್ಳಿ. ಕನ್ನಡದವರೂ ಇರುಳರೂ ಬಾಳುವ ಸೀಮೆ ಅದು. ರಾಗಿಯ ಹೊಲ, ಹುರುಳಿಯ ಹೊಲ, ಮಧ್ಯೆ ದನದ ಹಟ್ಟಿ. ದಾರಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಅದೂ ಹಳೇ ಮೈಸೂರಿನ ಕಡೆಯ ಐತೆ, ಬತ್ತದೆ ಎಂಬ ಕನ್ನಡ. ಹೋಟೆಲು, ಲಾಡ್ಜು ಹುಡುಕುವವರಿಗೆ ಇಲ್ಲಿ ನಿರಾಸೆ ಖಂಡಿತ. ಜನಸಂದಣಿ ಇಲ್ಲದಿರಲು ಕಾರಣವೂ ಅದೇ ತಾನೆ?

ಈ ಕಾಡು ಉದ್ಯಾನವಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂದು ಎರಡು ವನ್ಯಜೀವಿ ಧಾಮಗಳು ಇಲ್ಲಿ ಘೋಷಣೆಯಾಗಿವೆ. ಬನ್ನೇರುಘಟ್ಟದಿಂದ ಜವಳಗಿರಿಗೆ, ಅಲ್ಲಿಂದ ದೇಂಕಣಿಕೋಟೆ, ಸಾನಮಾವಿನ ತನಕ ಆನೆಗಳು ಪ್ರತಿ ವರ್ಷ ನಡೆಯುವ ದಾರಿ ಇದು. ರಾಗಿ ಕಟಾವಿನ ಕಾಲದಲ್ಲಿ ಅವುಗಳ ಹಾವಳಿ ಜಾಸ್ತಿ. ಬೇಸಿಗೆಯಲ್ಲಿ ನೀರು ಇರುವ ಕಡೆ ನಿಲ್ಲುತ್ತವೆ. ಆದ್ದರಿಂದ ಅಂಚೆಟ್ಟಿಯ ರಸ್ತೆಯಲ್ಲಿ ಹೊತ್ತು ಮುಳುಗಿದ ಮೇಲೆ ಬೈಕು ಓಡಿಸುವ ಶೌರ್ಯ ಬೇಡ. ಮೀಸಲು ಅರಣ್ಯದೊಳಗೆ ಕಾಲಿಡಲು ಇಲಾಖೆಯ ಒಪ್ಪಿಗೆ ಬೇಕು. 2018ರ ಮಾರ್ಚಿನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ತಮಿಳುನಾಡಿನಲ್ಲಿ ನಿಯಮ ಬಿಗಿಯಾಯಿತು. 2024ರಲ್ಲಿ ಸರ್ಕಾರವೇ ಆರಂಭಿಸಿದ ಚಾರಣ ಯೋಜನೆಯ ನಲವತ್ತು ದಾರಿಗಳಲ್ಲಿ ಗುತ್ತಿರಾಯನ್ ಶಿಖರ ಮತ್ತು ಅಯ್ಯೂರು–ಸಾಮಿಯೇರಿ ದಾರಿಗಳು ಈ ಜಿಲ್ಲೆಯವು. ಬೆಂಕಿಯ ಕಾಲದಲ್ಲಿ ಅವನ್ನೂ ಮುಚ್ಚುತ್ತಾರೆ. ಹೊರಡುವ ಮುಂಚೆ ಕೇಳಿ ತಿಳಿಯಬೇಕು.

ಹಾಗಾದರೆ ಹೊಸೂರಿನವರಿಗೆ ಹೊರಗೆ ಎಲ್ಲಿಯೂ ತಂಪಿಲ್ಲವೇ? ಇದೆ. ಏರ್ಕಾಡು 1,500 ಮೀಟರ್ ದಾಟಿದ ಬೆಟ್ಟ. ಹೊಸೂರಿಗಿಂತ ನಾಲ್ಕು ಡಿಗ್ರಿ, ಕೃಷ್ಣಗಿರಿಗಿಂತ ಆರೂವರೆ ಡಿಗ್ರಿ ಕಡಿಮೆ. ಸೇಲಂ ಕಲೆಕ್ಟರಾಗಿದ್ದ ಕಾಕ್‌ಬರ್ನ್ 1820ರ ದಶಕದಲ್ಲಿ ಕಾಫಿ ತಂದು ನೆಡಿಸಿದ ಜಾಗ. ಮೇ ತಿಂಗಳಲ್ಲಿ ಅಲ್ಲಿ ಬೇಸಿಗೆ ಹಬ್ಬ, ಹೂವಿನ ಪ್ರದರ್ಶನ. ಆ ವಾರ ಕೆರೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಹಬ್ಬದ ತಾರೀಖು ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಸಾಮಾನ್ಯವಾಗಿ ಜನ ಅದನ್ನು ಓದಿ ಹೊರಡುತ್ತಾರೆ, ಓದಿ ಆ ವಾರ ಬಿಡುವುದು ಜಾಣತನ. ಕೆರೆಯ ಬದಿ ಬಿಟ್ಟು ಕಾಫಿ ತೋಟಗಳ ನಡುವಿನ ರಸ್ತೆಗೆ ಇಳಿದರೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಮೈಲಿಗೊಬ್ಬರು ಸಿಕ್ಕರೆ ಹೆಚ್ಚು.

ಧರ್ಮಪುರಿಯ ವತ್ತಲ್‌ಮಲೆ ಇದರ ಬಡ ತಮ್ಮ. ಸಾವಿರ ಮೀಟರ್ ದಾಟಿದ ಬೆಟ್ಟ, ಅಲ್ಲಿಯೂ ಕಾಫಿ, ಮೆಣಸು ಬೆಳೆಯುತ್ತಾರೆ. ಒಳ್ಳೆಯ ರಸ್ತೆ ಬಂದದ್ದೇ ಈಚೆಗೆ. ಬುತ್ತಿ ಕಟ್ಟಿಕೊಂಡು ಹೋಗುವವರ ಜಾಗ. ತೆಲುಗು ಮಾತಾಡುವ ನೆಂಟರಿದ್ದವರು ಮದನಪಲ್ಲಿಯ ಬಳಿಯ ಹಾರ್ಸ್ಲಿ ಹಿಲ್ಸ್ ನೋಡಬಹುದು, ಕಡಪ ಕಲೆಕ್ಟರಾಗಿದ್ದ ಹಾರ್ಸ್ಲಿ ಬೇಸಿಗೆಯ ಮನೆ ಕಟ್ಟಿಸಿಕೊಂಡ ಬೆಟ್ಟ. ನೀಲಗಿರಿಯೇ ಬೇಕೆಂದು ಹಟ ಹಿಡಿದವರಿಗೆ ಕೋಟಗಿರಿ ಇದೆ. ಇ-ಪಾಸ್ ಅದಕ್ಕೂ ಬೇಕು. ಆದರೆ ಊಟಿಯ ನೂಕುನುಗ್ಗಲು ಅಲ್ಲಿಲ್ಲ; ಸುತ್ತಲಿನ ಹಟ್ಟಿಗಳಲ್ಲಿ ಬಡಗರ ಮಾತು ಕೇಳಿದರೆ ಕನ್ನಡದವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಊಟಿಗೆ ಹೆಸರು ತಂದ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮೊದಲು ಮನೆ ಕಟ್ಟಿಸಿದ್ದು ಊಟಿಯಲ್ಲಲ್ಲ, ಕೋಟಗಿರಿಯ ಪಕ್ಕದ ಕನ್ನೇರಿಮುಕ್ಕಿನಲ್ಲಿ.

ಮಲೆ ಮಹದೇಶ್ವರ ಬೆಟ್ಟಕ್ಕೆ ಈ ಸೀಮೆಯಿಂದ ಹರಕೆ ಹೊತ್ತವರು ಹೋಗುತ್ತಲೇ ಇರುತ್ತಾರೆ. ಅಮಾವಾಸ್ಯೆ, ಯುಗಾದಿ ಬಿಟ್ಟು ಬೇರೆ ದಿನ ಹೋದರೆ ದೇವರೂ ಸಿಗುತ್ತಾನೆ, ಬೆಟ್ಟದ ಗಾಳಿಯೂ ಸಿಗುತ್ತದೆ.

ಮಕ್ಕಳಿರುವ ಮನೆಯವರು ಒಮ್ಮೆ ಜವ್ವಾದು ಬೆಟ್ಟದ ಕಾವಲೂರಿಗೂ ಹೋಗಬೇಕು. ಎತ್ತರ 725 ಮೀಟರ್ ಮಾತ್ರ, ಹಗಲಿನ ತಂಪಿನಲ್ಲಿ ಇದು ಹೊಸೂರಿಗೂ ಸರಿಯಾಗದು. ಆದರೆ ಅಲ್ಲಿಯ ವೈನು ಬಪ್ಪು ವೀಕ್ಷಣಾಲಯದಲ್ಲಿ 2.3 ಮೀಟರ್ ದೂರದರ್ಶಕ ಇದೆ, ಶನಿವಾರ ಸಾರ್ವಜನಿಕರನ್ನು ಒಳಗೆ ಬಿಡುವ ಪದ್ಧತಿಯಿದೆ. 1977ರ ಮಾರ್ಚಿನಲ್ಲಿ ಯುರೇನಸ್ ಗ್ರಹಕ್ಕೆ ಉಂಗುರಗಳಿವೆ ಎಂಬ ಸುಳಿವು ಸಿಕ್ಕ ರಾತ್ರಿ ಕಣ್ಣಿಟ್ಟು ನೋಡುತ್ತಿದ್ದ ವೀಕ್ಷಣಾಲಯಗಳಲ್ಲಿ ಕಾವಲೂರೂ ಒಂದು. ಮೇ ತಿಂಗಳ ಕೊನೆಗೆ ಗುಡುಗು ಮಳೆಯ ಮೋಡ ಕವಿಯುತ್ತದೆ, ಹೋಗುವುದಾದರೆ ಏಪ್ರಿಲ್‌ನಲ್ಲೇ ಹೋಗಬೇಕು.

ಉಳಿದದ್ದು ರಾತ್ರಿ ತಂಗುವ ಪ್ರಶ್ನೆ. ತಳಿ, ದೇಂಕಣಿಕೋಟೆ ಕಡೆ ದೊಡ್ಡ ರೆಸಾರ್ಟುಗಳ ಸಾಲು ಇಲ್ಲ. ಇದ್ದ ನಾಲ್ಕಾರು ಕೋಣೆಗಳು ಶನಿವಾರಕ್ಕೆ ಭರ್ತಿಯಾಗುತ್ತವೆ. ಸೋಮವಾರ ಸಂಜೆ ಹೋಗಿ ಗುರುವಾರ ಬೆಳಿಗ್ಗೆ ಹಿಂತಿರುಗುವವರಿಗೆ ಬೆಲೆಯೂ ಇಳಿಯುತ್ತದೆ, ಮರ್ಯಾದೆಯೂ ಏರುತ್ತದೆ. ಕೃಷ್ಣಗಿರಿಯ ಕನ್ನಡ ಮನೆಗಳಲ್ಲಿ ಅನೇಕರಿಗೆ ಮೇಲಿನ ಮೆಟ್ಟಿಲಿನ ಹಳ್ಳಿಗಳಲ್ಲಿ ಅಜ್ಜಿಯ ಮನೆಯೋ, ಸೋದರಮಾವನ ಮನೆಯೋ ಉಂಟು. ಒಂದು ಕಾಲಕ್ಕೆ ಬೇಸಿಗೆ ರಜೆ ಎಂದರೆ ಅದೇ ಆಗಿತ್ತು: ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸಿದರೆ ಶಾಲೆ ತೆರೆಯುವ ತನಕ ತಲೆಬಿಸಿ ಇರಲಿಲ್ಲ. ಈಗ ನೆಂಟರ ಮನೆಯಲ್ಲಿ ವಾರಗಟ್ಟಲೆ ಕೂರುವುದು ಮುಜುಗರ ಎನ್ನುವವರಿದ್ದಾರೆ. ಎರಡು ರಾತ್ರಿಗೆ ಯಾರೂ ಬೇಸರಪಡುವುದಿಲ್ಲ, ಹೋಗುವಾಗ ಒಂದು ಬುಟ್ಟಿ ಮಾವು ಹಿಡಿದು ಹೋದರಂತೂ ಮೂರನೆಯ ರಾತ್ರಿಗೂ ಅವರೇ ಬಲವಂತ ಮಾಡುತ್ತಾರೆ.